ಯಾವ ಸಿಮ್‌ನಿಂದ ಯಾವ ಸಿಮ್‌ಗಾದರೂ ಫೋನ್ ಹೋಗುತ್ತದೆ, ಜೂಮ್‌ನಿಂದ ಮೀಟ್‌ಗೆ ಯಾಕೆ ಹೋಗಲ್ಲ?

ಪ್ರಶ್ನೆ: ಶಿಡ್ಲಘಟ್ಟದ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಹದಿನೈದು ವರ್ಷದ ಹಿಂದೆ ತಂದ ವಿಡಿಯೋ ಕಾನ್ಫರೆನ್ಸ್ ಯಂತ್ರವೊಂದು ನಮ್ಮ ಸೆಮಿನಾರ್ ಹಾಲ್‌ನಲ್ಲಿದೆ. ತಿರುಗುವ ಕ್ಯಾಮೆರಾ, ಮೇಜಿನ ಮೇಲಿಡುವ ಮೈಕು, ರಿಮೋಟು ಎಲ್ಲವೂ ಇವೆ. ಆಗ ಲಕ್ಷಗಟ್ಟಲೆ ಕೊಟ್ಟಿದ್ದರಂತೆ. ಈಗ ಅದರಿಂದ ಜೂಮ್‌ಗೂ ಹೋಗಲು ಆಗುವುದಿಲ್ಲ, ಮೀಟ್‌ಗೂ ಆಗುವುದಿಲ್ಲ. ಯಾವ ಕಂಪನಿಯ ಸಿಮ್‌ನಿಂದ ಯಾವ ಕಂಪನಿಯ ಸಿಮ್‌ಗಾದರೂ ಫೋನ್ ಹೋಗುತ್ತದೆ. ವಿಡಿಯೋಗೆ ಮಾತ್ರ ಯಾಕೆ ಹೀಗೆ? ಇದಕ್ಕೆ ಸ್ಟ್ಯಾಂಡರ್ಡ್ ಅಂತ ಏನೂ ಇಲ್ಲವೇ? ಇನ್ನೊಂದು, ಕಾಲೇಜಿಗೆ 100 ಎಂಬಿಪಿಎಸ್ ಫೈಬರ್ ಬಂದರೂ ಚಿತ್ರ ನಿಂತು ನಿಂತು ಬರುತ್ತದೆ. ಯಂತ್ರವನ್ನು ಗುಜರಿಗೆ ಹಾಕಬಹುದೇ?

ಉತ್ತರ: ಮೇಷ್ಟ್ರೇ, ಗುಜರಿಯವರನ್ನು ಇವತ್ತೇ ಕರೆಯಬೇಡಿ. ಅದರಲ್ಲಿ ಕೆಲಸಕ್ಕೆ ಬರುವುದು ಇನ್ನೂ ಇದೆ, ಕೊನೆಗೆ ಹೇಳುತ್ತೇನೆ. ಮೊದಲು ನಿಮ್ಮ ದೊಡ್ಡ ಪ್ರಶ್ನೆ.

ಸ್ಟ್ಯಾಂಡರ್ಡ್ ಇಲ್ಲ ಅಂತಲ್ಲ. ಬೇಕಾದಷ್ಟಿವೆ. ವಿಡಿಯೋ ಕಾಲ್ ಅಂದರೆ ಎರಡು ಬೇರೆ ಬೇರೆ ಕೆಲಸ. ಒಂದು, ಚಿತ್ರವನ್ನೂ ದನಿಯನ್ನೂ ಹಿಂಡಿ ಚಿಕ್ಕದು ಮಾಡಿ ಕಳಿಸುವುದು. ಇನ್ನೊಂದು, ಆ ಕಡೆಯವರನ್ನು ಹುಡುಕಿ, ಬಾಗಿಲು ತಟ್ಟಿ, ‘ನಾನು ಇಂಥವನು, ನನಗೆ ಇಂತಿಂಥ ಭಾಷೆ ಬರುತ್ತೆ, ಮಾತಾಡೋಣ್ವಾ’ ಅಂತ ಕೇಳಿ ಒಪ್ಪಿಸುವುದು. ಹಿಂಡುವ ಕೆಲಸದಲ್ಲಿ ಜಗತ್ತು ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯಿತು. ಕರೆಯುವ ಕೆಲಸದಲ್ಲಿ ಒಂದು ಕಾಲಕ್ಕೆ ಒಗ್ಗಟ್ಟಿತ್ತು, ಆಮೇಲೆ ಮುರಿದುಬಿತ್ತು. ನಿಮ್ಮ ಯಂತ್ರ ಸಿಕ್ಕಿಕೊಂಡಿರುವುದು ಈ ಎರಡನೆಯದರಲ್ಲಿ.

ಮುಖ ನೋಡಿ ಮಾತಾಡುವ ಆಸೆ ಹಳೆಯದು. ಅಮೆರಿಕದ ಎಟಿ ಅಂಡ್ ಟಿ 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಪಿಕ್ಚರ್‌ಫೋನ್ ಅನ್ನುವ ಯಂತ್ರ ತೋರಿಸಿತು. 1970ರಲ್ಲಿ ಪಿಟ್ಸ್‌ಬರ್ಗ್ ಊರಿನಲ್ಲಿ ಬಾಡಿಗೆಗೂ ಕೊಟ್ಟಿತು. ತಿಂಗಳಿಗೆ 160 ಡಾಲರ್! ಮಾತಿಗೊಂದು ಜೋಡಿ ತಂತಿ, ಹೋಗುವ ಚಿತ್ರಕ್ಕೊಂದು, ಬರುವ ಚಿತ್ರಕ್ಕೊಂದು. ಅಷ್ಟು ಖರ್ಚು ಮಾಡಿ ತಂದಿಟ್ಟವನು ಯಾರಿಗೆ ಫೋನ್ ಮಾಡಬೇಕು? ಆ ಕಡೆಯೂ ಒಂದು ಯಂತ್ರ ಬೇಕಲ್ಲ. ಕೆಲವೇ ವರ್ಷದಲ್ಲಿ ಆಟ ಮುಗಿಯಿತು. ನಿಮ್ಮ ಪ್ರಶ್ನೆಯ ಬೀಜ ಇಲ್ಲೇ ಇದೆ ನೋಡಿ. ಎಲ್ಲರಿಗೂ ಎಲ್ಲರನ್ನೂ ಕರೆಯಲು ಆಗದಿದ್ದರೆ ಯಂತ್ರ ಎಷ್ಟು ಚೆನ್ನಾಗಿದ್ದರೂ ದಂಡ.

ಹಿಂಡುವ ವಿಷಯಕ್ಕೆ ಬರುತ್ತೇನೆ. ನೀವು ಫಿಸಿಕ್ಸ್‌ನವರು, ಲೆಕ್ಕ ಹಾಕಿಯೇ ನೋಡಿ. ಹಳೆಯ ಕಾನ್ಫರೆನ್ಸ್ ಚಿತ್ರ ಅಡ್ಡಕ್ಕೆ 352 ಚುಕ್ಕಿ, ಮೇಲಿಂದ ಕೆಳಕ್ಕೆ 288 ಚುಕ್ಕಿ. ಬಣ್ಣವನ್ನು ಸ್ವಲ್ಪ ಕಡಿಮೆ ಮಾಡಿದ ಮೇಲೂ ಚುಕ್ಕಿಗೆ ಸರಾಸರಿ 12 ಬಿಟ್. ಸೆಕೆಂಡಿಗೆ 30 ಚಿತ್ರ. ಗುಣಿಸಿದರೆ ಸೆಕೆಂಡಿಗೆ ಸುಮಾರು 3.65 ಕೋಟಿ ಬಿಟ್. ಆಗ ಸಿಗುತ್ತಿದ್ದ ಐಎಸ್‌ಡಿಎನ್ ಫೋನ್ ಲೈನಿನ ಒಂದು ಚಾನೆಲ್‌ನಲ್ಲಿ ಹೋಗುತ್ತಿದ್ದದ್ದು ಸೆಕೆಂಡಿಗೆ 64,000 ಬಿಟ್. ಅಂದರೆ 570 ಪಟ್ಟು ಹಿಂಡಬೇಕು. ಬಟ್ಟೆ ಹಿಂಡಿದ ಹಾಗಲ್ಲ ಇದು, ಬಟ್ಟೆಯನ್ನೇ ಬೆಂಕಿಪೊಟ್ಟಣದೊಳಗೆ ತುರುಕಿದ ಹಾಗೆ.

ಇದಕ್ಕೆ ಬೀಗದ ಕೈ ಕೊಟ್ಟವರು ನಮ್ಮವರೇ. ನಾಸಿರ್ ಅಹ್ಮದ್, ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದವರು. ಇವತ್ತು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತಿರುವ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದರು. 1917ರಲ್ಲಿ ಆ ಕಾಲೇಜು ಶುರು ಮಾಡಿದವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೇ. ಚಿಕ್ಕಬಳ್ಳಾಪುರದ ಕಡೆಯವನಾದ್ದರಿಂದ ಇಷ್ಟು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಅಹ್ಮದ್ ಅಮೆರಿಕದಲ್ಲಿದ್ದಾಗ 1972ರಲ್ಲಿ ತಮ್ಮ ಯೋಚನೆಗೆ ಹಣ ಕೇಳಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್‌ಗೆ ಅರ್ಜಿ ಹಾಕಿದರು. ಕೊಡಲಿಲ್ಲ. ಆದರೂ ಬಿಡದೆ ಟಿ. ನಟರಾಜನ್, ಕೆ. ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಸಣ್ಣದೊಂದು ಪ್ರಬಂಧ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ.

ಅಲೆಗಳನ್ನು ಬಿಡಿಸಿ ನೋಡುವ ಫೂರಿಯೇ ಗಣಿತ ಪಾಠ ಮಾಡುವವರಿಗೆ ಇದು ಅದರ ತಮ್ಮ ಅಂದರೆ ಸಾಕು. ಚಿತ್ರವನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಚೌಕಗಳಾಗಿ ಕತ್ತರಿಸುತ್ತಾರೆ. ಒಂದು ಚೌಕದಲ್ಲಿ 64 ಸಂಖ್ಯೆ. ಡಿಸಿಟಿ ಅವನ್ನು ಬೇರೆ 64 ಸಂಖ್ಯೆಗಳಾಗಿ ಬದಲಿಸುತ್ತದೆ. ಮೊದಲನೆಯದು ಚೌಕದ ಒಟ್ಟು ಬೆಳಕು. ನಂತರದವು ನಿಧಾನವಾಗಿ ಬದಲಾಗುವ ನೆರಳು. ಕೊನೆಯವು ಕೂದಲೆಳೆಯಂಥ ಸೂಕ್ಷ್ಮಗಳು. ನಮ್ಮ ಕಣ್ಣು ಸೂಕ್ಷ್ಮಗಳನ್ನು ಅಷ್ಟಾಗಿ ಗಮನಿಸುವುದಿಲ್ಲ. ಅವನ್ನು ಒರಟಾಗಿ ಬರೆದುಕೊಳ್ಳಬಹುದು, ಎಷ್ಟೋ ಸಲ ಪೂರ್ತಿ ಬಿಟ್ಟೇಬಿಡಬಹುದು. ಮುಖ ಮುಖವಾಗಿಯೇ ಕಾಣುತ್ತದೆ.

ಇದರ ಜೊತೆಗೆ ಇನ್ನೊಂದು ಉಪಾಯ. ನಿಮ್ಮೂರಿನ ರೇಷ್ಮೆ ಗೂಡಿನ ಮಾರ್ಕೆಟ್‌ಗೆ ಹೋದವರು ಮನೆಗೆ ಫೋನ್ ಮಾಡಿ ರೇಟು ಹೇಗೆ ಹೇಳುತ್ತಾರೆ? ‘ನಿನ್ನೇದೇ, ಹತ್ತು ರೂಪಾಯಿ ಜಾಸ್ತಿ’ ಅಷ್ಟೇ. ಪೂರ್ತಿ ಕಥೆ ಹೇಳುವುದಿಲ್ಲ. ವಿಡಿಯೋ ಕೂಡ ಹೀಗೆಯೇ. ಮೊದಲು ಒಂದು ಪೂರ್ತಿ ಚಿತ್ರ. ಆಮೇಲೆ ‘ಹಿಂದಿನದೇ, ಬಾಯಿ ಇಷ್ಟು ಅಲುಗಿತು, ಕೈ ಈ ಕಡೆ ಸರಿಯಿತು’ ಅಂತ ವ್ಯತ್ಯಾಸ ಮಾತ್ರ. ಹಿಂದಿನ ಗೋಡೆಯ ಬಗ್ಗೆ ಹೇಳಲು ಏನೂ ಇರುವುದಿಲ್ಲ. ಈ ಗೂಡಿನ ರೇಟಿನ ಮಾತು ನೆನಪಿಟ್ಟುಕೊಳ್ಳಿ, ನಿಮ್ಮ ಎರಡನೇ ಪ್ರಶ್ನೆಗೆ ಮತ್ತೆ ಬೇಕಾಗುತ್ತದೆ.

ವ್ಯತ್ಯಾಸ ಮತ್ತು ಡಿಸಿಟಿ ಎರಡನ್ನೂ ಸೇರಿಸಿ ವಿಶ್ವಸಂಸ್ಥೆಯ ದೂರಸಂಪರ್ಕ ಅಂಗವಾದ ಐಟಿಯು 1988ರಲ್ಲಿ ಎಚ್.261 ಅನ್ನುವ ನಿಯಮ ಒಪ್ಪಿತು. ಅದಕ್ಕೂ ಮುಂಚೆ 1984ರಲ್ಲಿ ಎಚ್.120 ಬಂದಿತ್ತು. ಅದರ ಚಿತ್ರ ಅಷ್ಟಕ್ಕಷ್ಟೇ, ಅದನ್ನು ಮರೆತುಬಿಡಿ. ಎಚ್.261 ಹಾಕಿದ ಅಸ್ಥಿಪಂಜರ ಇವತ್ತಿಗೂ ಬದಲಾಗಿಲ್ಲ. ಎಚ್.263, 2003ರ ಎಚ್.264, 2013ರ ಎಚ್.265, 2020ರ ಎಚ್.266, ಎಲ್ಲವೂ ಅದೇ ಮನೆತನ. ಆಚೆ ಕಡೆ ಗೂಗಲ್‌ನ ವಿಪಿ8, ವಿಪಿ9, ಮತ್ತು ಹಲವು ಕಂಪನಿಗಳು ಸೇರಿ 2018ರಲ್ಲಿ ತಂದ ಎವಿ1. ಮನೆ ಬೇರೆ, ಅಡುಗೆ ಒಂದೇ. ನಿಮ್ಮ ಹದಿನೈದು ವರ್ಷದ ಯಂತ್ರದೊಳಗೆ ಬಹುಶಃ ಎಚ್.264 ಇದೆ. ಇವತ್ತಿನ ಮೊಬೈಲಿನಲ್ಲೂ ಅದೇ ಇದೆ. ಅಂದರೆ ನಿಮ್ಮ ಯಂತ್ರಕ್ಕೂ ನಿಮ್ಮ ವಿದ್ಯಾರ್ಥಿಯ ಫೋನಿಗೂ ಚಿತ್ರದ ಭಾಷೆ ಒಂದೇ. ಆದರೂ ಮಾತಿಲ್ಲ, ಕಥೆಯಿಲ್ಲ.

ಯಾಕೆ ಅಂದರೆ ಕರೆಯುವ ರೀತಿ ಬೇರೆ.

ನಾನು ಈ ವಿಡಿಯೋ ಕಾನ್ಫರೆನ್ಸ್ ಕೆಲಸಕ್ಕೆ ಸೇರಿದಾಗ ಎಚ್.320 ಕಾಲ ಮುಗಿಯುತ್ತಾ ಬಂದಿತ್ತು. 1990ರ ನಿಯಮ ಅದು, ಐಎಸ್‌ಡಿಎನ್ ಲೈನ್‌ಗಾಗಿ ಮಾಡಿದ್ದು. ಒಂದು ಲೈನಿಗೆ 64 ಸಾವಿರದ ಎರಡು ಚಾನೆಲ್. ಮೂರು ಲೈನ್ ಸೇರಿಸಿದರೆ 384 ಕಿಲೋಬಿಟ್, ಆಗ ಅದೇ ರಾಜಭೋಗ. ಮೂರರಲ್ಲಿ ಒಂದು ಲೈನ್ ಕೈಕೊಟ್ಟರೆ ಪರದೆಯ ಮೇಲಿನ ಸಾಹೇಬರು ಚೌಕ ಚೌಕವಾಗಿ ಮೈಸೂರು ಪಾಕ್ ಆಗಿಬಿಡುತ್ತಿದ್ದರು. ಒಂದು ಕಚೇರಿಯ ಮೀಟಿಂಗ್‌ನಲ್ಲಿ ಹಾಗೆ ಆದಾಗ ಬೈಗುಳ ತಿಂದವನು ನಾನು. ಲೈನ್ ನನ್ನದಲ್ಲ ಅಂತ ಯಾರಿಗೆ ಹೇಳುವುದು?

ಆದರೆ ಒಂದು ಮಾತು ಒಪ್ಪಲೇಬೇಕು. ಒಂದು ಕಂಪನಿಯ ಯಂತ್ರದಿಂದ ಇನ್ನೊಂದು ಕಂಪನಿಯ ಯಂತ್ರಕ್ಕೆ ಆಗ ಕರೆ ಹೋಗುತ್ತಿತ್ತು. ಪಾಲಿಕಾಮ್‌ನಿಂದ ಟ್ಯಾಂಡ್‌ಬರ್ಗ್‌ಗೆ ನಂಬರ್ ಒತ್ತಿದರೆ ಗಂಟೆ ಹೊಡೆಯುತ್ತಿತ್ತು. 1996ರಲ್ಲಿ ಇಂಟರ್‌ನೆಟ್ ಥರದ ಜಾಲಕ್ಕೆ ಎಚ್.323 ಬಂದ ಮೇಲೂ ಹಾಗೇ ಇತ್ತು. ಆಮೇಲೆ 1999ರಲ್ಲಿ ಇಂಟರ್‌ನೆಟ್ ಇಂಜಿನಿಯರುಗಳ ಕಡೆಯಿಂದ ಸಿಪ್ ಅನ್ನುವ ಇನ್ನೊಂದು ನಿಯಮ ಬಂತು. ಆಮೇಲಾಮೇಲೆ ಯಂತ್ರ ಮಾಡುವವರು ಎರಡನ್ನೂ ಹಾಕತೊಡಗಿದರು. ನಿಮ್ಮ ಯಂತ್ರದ ಮೆನುವಿನಲ್ಲೂ ಈ ಎರಡು ಹೆಸರು ಕಾಣಬಹುದು.

ಹಾಗಾದರೆ ಕೆಟ್ಟಿದ್ದೆಲ್ಲಿ? ಎಚ್.323ರ ಮೊದಲ ಆವೃತ್ತಿಯ ಶೀರ್ಷಿಕೆ ಓದಿದರೆ ಗೊತ್ತಾಗುತ್ತದೆ. ಅದನ್ನು ಬರೆದದ್ದು ಲೋಕಲ್ ಏರಿಯಾ ನೆಟ್‌ವರ್ಕ್‌ಗೆ, ಅಂದರೆ ಒಂದೇ ಕಟ್ಟಡದ ಒಳಗಿನ ಜಾಲಕ್ಕೆ. ಅದನ್ನು ಎಳೆದು ತಂದು ಇಡೀ ಇಂಟರ್‌ನೆಟ್‌ಗೆ ಹಾಕಿದರು. ಅಷ್ಟರಲ್ಲಿ ಇಂಟರ್‌ನೆಟ್ ವಿಳಾಸಗಳು ಸಾಲದೆ ಬಂದವು. ಒಂದು ವಿಳಾಸದ ಹಿಂದೆ ಹತ್ತಾರು ಕಂಪ್ಯೂಟರ್ ಕೂರಿಸುವ ನ್ಯಾಟ್ ಪದ್ಧತಿ ಎಲ್ಲ ಕಡೆ ಹಬ್ಬಿತು. ವಠಾರ ಇದ್ದ ಹಾಗೆ. ಬೀದಿಗೆ ಕಾಣುವುದು ಒಂದೇ ಡೋರ್ ನಂಬರ್, ಒಳಗೆ ಎಂಟು ಮನೆ. ಎಚ್.323 ತನ್ನ ಕಾಗದದ ಒಳಗಡೆ ‘ಉತ್ತರವನ್ನು ಮೂರನೇ ಮನೆಗೆ ಕಳಿಸಿ’ ಅಂತ ಬರೆಯುತ್ತದೆ. ಯಾವ ಬೀದಿ, ಯಾವ ವಠಾರ? ಅದಿಲ್ಲ. ಗಂಟೆ ಹೊಡೆಯುತ್ತದೆ, ಕರೆ ಎತ್ತುತ್ತಾರೆ, ಚಿತ್ರ ಬರುವುದಿಲ್ಲ. ಅಥವಾ ಈ ಕಡೆಯವರಿಗೆ ಆ ಕಡೆಯವರು ಕಾಣುತ್ತಾರೆ, ಆ ಕಡೆಯವರಿಗೆ ಕಪ್ಪು ಪರದೆ. ನನ್ನ ಅರ್ಧ ಆಯಸ್ಸು ಜಾಲದ ಬಾಗಿಲು ಕಾಯುವ ಫೈರ್‌ವಾಲ್‌ನವರ ಹತ್ತಿರ ‘ಸ್ವಲ್ಪ ಪೋರ್ಟ್ ತೆಗೀರಿ ಸ್ವಾಮಿ’ ಅಂತ ಬೇಡುವುದರಲ್ಲೇ ಕಳೆಯಿತು. ಪರಿಹಾರಗಳು ಬಂದವು, ಅದಕ್ಕೂ ನಿಯಮಗಳಾದವು. ಆದರೆ ತಡವಾಯಿತು.

2003 ವಿಚಿತ್ರ ವರ್ಷ. ಎಚ್.264 ಬಂದದ್ದು ಅದೇ ವರ್ಷ. ವಿಡಿಯೋ ಕಾನ್ಫರೆನ್ಸ್ ಮೂಲಕ ಸಾಕ್ಷಿ ಹೇಳಿದರೂ ನಡೆಯುತ್ತದೆ ಅಂತ ನಮ್ಮ ಸುಪ್ರೀಂ ಕೋರ್ಟ್ ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ಹೇಳಿದ್ದೂ ಅದೇ ವರ್ಷ. ಸ್ಕೈಪ್ ಹುಟ್ಟಿದ್ದೂ ಆಗಲೇ. ಸ್ಕೈಪ್‌ನವರು ಐಟಿಯು ನಿಯಮವನ್ನೆಲ್ಲ ಪಕ್ಕಕ್ಕಿಟ್ಟು ತಮ್ಮದೇ ಗುಟ್ಟಿನ ಪದ್ಧತಿ ಮಾಡಿಕೊಂಡರು. ವಠಾರದ ಗೋಡೆ ದಾಟುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಯಾರ ಕೈಕಾಲು ಹಿಡಿಯುವುದೂ ಬೇಡ, ಇನ್‌ಸ್ಟಾಲ್ ಮಾಡಿದರೆ ಆಯಿತು. ಜನ ಅದಕ್ಕೇ ಹೋದರು. ನಾನೂ ಹೋದೆ, ಸುಳ್ಳು ಯಾಕೆ ಹೇಳಲಿ. ಆದರೆ ಸ್ಕೈಪ್‌ನಿಂದ ಸ್ಕೈಪ್‌ಗೆ ಮಾತ್ರ ವಿಡಿಯೋ. ಅಲ್ಲಿಂದ ಬೇಲಿ ಹಾಕುವ ಕಾಲ ಶುರುವಾಯಿತು. ಆ ಸ್ಕೈಪನ್ನೂ 2025ರ ಮೇ ತಿಂಗಳಲ್ಲಿ ಮುಚ್ಚಿದರು.

ಬೇಲಿ ಒಡೆಯಲು ಒಳ್ಳೆಯ ಅವಕಾಶ 2011ರಲ್ಲಿ ಬಂತು. ಗೂಗಲ್ ತಾನು ಕೊಂಡಿದ್ದ ತಂತ್ರವನ್ನು ವೆಬ್‌ಆರ್‌ಟಿಸಿ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಬ್ರೌಸರ್ ಒಳಗೇ ವಿಡಿಯೋ ಕಾಲ್, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಗೂಡೆ ತುಂಬ ಸಾಮಾನಿತ್ತು: ಗೋಡೆ ದಾಟುವ ಉಪಾಯ, ಗುಟ್ಟು ಕಾಯುವ ಬೀಗ, 2012ರಲ್ಲಿ ಪಕ್ಕಾ ಆದ ಓಪಸ್ ಅನ್ನುವ ಒಳ್ಳೆಯ ದನಿ ಪದ್ಧತಿ. ಚಿತ್ರಕ್ಕೆ ವಿಪಿ8 ಇರಬೇಕೋ ಎಚ್.264 ಇರಬೇಕೋ ಅಂತ ವರ್ಷಗಟ್ಟಲೆ ಜಗಳವಾಯಿತು. ಒಂದಕ್ಕೆ ಪೇಟೆಂಟ್ ಕಾಸು, ಇನ್ನೊಂದು ಗೂಗಲ್‌ನದ್ದು ಅನ್ನುವ ಅನುಮಾನ. ಕೊನೆಗೆ 2014ರಲ್ಲಿ ನಮ್ಮ ಹಳ್ಳಿ ಪಂಚಾಯ್ತಿ ಥರ ತೀರ್ಮಾನ: ಬ್ರೌಸರ್‌ಗಳು ಎರಡನ್ನೂ ಇಟ್ಟುಕೊಳ್ಳಲಿ. 2021ರ ಜನವರಿಯಲ್ಲಿ ಇಡೀ ವೆಬ್‌ಆರ್‌ಟಿಸಿ ಅಧಿಕೃತ ವೆಬ್ ನಿಯಮವಾಯಿತು.

ಇಷ್ಟೆಲ್ಲ ಇದ್ದರೂ ಒಂದನ್ನು ಬೇಕೆಂದೇ ಹೊರಗಿಟ್ಟರು. ಆ ಕಡೆಯವರನ್ನು ಹುಡುಕಿ ಕರೆಯುವುದು ಹೇಗೆ? ಅದನ್ನು ಆ್ಯಪ್ ಮಾಡುವವರು ತಮಗೆ ಬೇಕಾದ ಹಾಗೆ ಮಾಡಿಕೊಳ್ಳಲಿ ಅಂದರು. ಕಾರಣ ಇತ್ತು. ಎಚ್.323, ಸಿಪ್ ಎಂದು ಕಾದಾಡಿ ಸುಸ್ತಾಗಿದ್ದರು. ಆಟದ ಆ್ಯಪ್‌ಗೊಂದು ರೀತಿ ಬೇಕು, ಡಾಕ್ಟರ ಆ್ಯಪ್‌ಗೊಂದು ರೀತಿ. ಸ್ವಾತಂತ್ರ್ಯ ಕೊಟ್ಟರೆ ಹೊಸದು ಬೇಗ ಬರುತ್ತದೆ. ಬಂತು ಕೂಡ. ಆದರೆ ಆಗಿದ್ದು ಏನು? ರಸ್ತೆ ಒಂದೇ, ಗಾಡಿ ಒಂದೇ, ಪ್ರತಿ ಊರಿಗೂ ಬೇರೆ ಬೇರೆ ಬೀಗ. ಮೀಟ್ ನಡೆಯುವುದು ವೆಬ್‌ಆರ್‌ಟಿಸಿ ಮೇಲೆ. ಜೂಮ್ ಬಹಳಮಟ್ಟಿಗೆ ತನ್ನದೇ ಪದ್ಧತಿ ಕಟ್ಟಿಕೊಂಡಿದೆ. ಗುಂಪು ಕರೆಯಲ್ಲಿ ಯಾರ ಚಿತ್ರ ಯಾರಿಗೆ, ಎಷ್ಟು ದೊಡ್ಡದಾಗಿ ಕಳಿಸಬೇಕು ಅಂತ ನಡುವಿನ ಸರ್ವರ್ ನಿರ್ಧರಿಸುತ್ತದೆ. ಆ ಸರ್ವರ್‌ನೊಳಗೆ ಒಬ್ಬೊಬ್ಬರದು ಒಂದೊಂದು ಲೆಕ್ಕ. 2019ರ ಡಿಸೆಂಬರ್‌ನಲ್ಲಿ ದಿನಕ್ಕೆ ಒಂದು ಕೋಟಿ ಹಾಜರಾತಿ ಇದ್ದ ಜೂಮ್ ಮೀಟಿಂಗ್‌ಗಳಿಗೆ 2020ರ ಏಪ್ರಿಲ್‌ನಲ್ಲಿ ದಿನಕ್ಕೆ 30 ಕೋಟಿ ಹಾಜರಾತಿ ಬಿತ್ತು. ಅಷ್ಟು ಜನ ತಾವಾಗಿ ತಮ್ಮ ಅಂಗಡಿಗೇ ಬರುವಾಗ ಪಕ್ಕದ ಅಂಗಡಿಗೆ ಬಾಗಿಲು ತೆಗೆಯುವ ತುರ್ತು ಯಾರಿಗಿದೆ?

ಫೋನ್ ಯಾಕೆ ಹಾಗಲ್ಲ ಅಂದರೆ, ಅಲ್ಲಿ ಬಾಗಿಲು ತೆಗೆಯುವುದು ಕಾನೂನು. ಜಗತ್ತಿಗೆಲ್ಲ ಒಂದೇ ನಂಬರ್ ವ್ಯವಸ್ಥೆ. ಒಂದು ಕಂಪನಿ ಇನ್ನೊಂದಕ್ಕೆ ಸಂಪರ್ಕ ಕೊಡಲೇಬೇಕು, ಅದನ್ನು ನೋಡಿಕೊಳ್ಳಲು ನಮ್ಮಲ್ಲಿ ಟ್ರಾಯ್ ಇದೆ. ನಿಮಗೆ ನೆನಪಿರಬಹುದು, 3ಜಿ ಬಂದ ಹೊಸದರಲ್ಲಿ ನೇರವಾಗಿ ಮೊಬೈಲ್ ನಂಬರಿಗೇ ವಿಡಿಯೋ ಕಾಲ್ ಮಾಡಬಹುದಿತ್ತು. ಯಾವ ಆ್ಯಪೂ ಬೇಕಿರಲಿಲ್ಲ. ಚಿತ್ರ ಅಂಚೆ ಚೀಟಿಯಷ್ಟು, ನಿಮಿಷಕ್ಕೆ ಬೇರೆ ದುಡ್ಡು. ಪುಕ್ಕಟೆ ಆ್ಯಪ್ ಬಂದ ಮೇಲೆ ಅದನ್ನು ಕೇಳುವವರಿಲ್ಲ. ನನ್ನ ಕೇಳಿದರೆ, ಸರಿಯಾದ ದಾರಿ ಅದೇ ಇತ್ತು, ಬೆಲೆ ಇಟ್ಟಿದ್ದು ಮಾತ್ರ ತಪ್ಪು. ಯೂರೋಪಿನಲ್ಲಿ ಈಗ ದೊಡ್ಡ ಮೆಸೇಜ್ ಆ್ಯಪ್‌ಗಳು ಬೇರೆಯವರಿಗೆ ಬಾಗಿಲು ತೆಗೆಯಬೇಕು ಅಂತ ಕಾನೂನಿದೆ. ಮೊದಲು ಮೆಸೇಜ್, ಕೊನೆಗೆ ವಿಡಿಯೋ ಕಾಲ್. ಅದು ವಾಟ್ಸಾಪ್ ಥರದವಕ್ಕೆ, ಮೀಟಿಂಗ್ ಆ್ಯಪ್‌ಗಳಿಗಲ್ಲ.

ಈಗ ನಿಮ್ಮ 100 ಎಂಬಿಪಿಎಸ್. ಒಬ್ಬರ ಸ್ಪಷ್ಟ ಚಿತ್ರಕ್ಕೆ ಒಂದೂವರೆ ಎಂಬಿಪಿಎಸ್ ಇದ್ದರೆ ಧಾರಾಳ. ಹಾಗಾಗಿ ನೂರು ಸಾಲದು ಅನ್ನುವ ಮಾತೇ ಇಲ್ಲ. ಸಮಸ್ಯೆ ಇರುವುದು ಹೊತ್ತಿಗೆ ಸರಿಯಾಗಿ ಬರುವುದರಲ್ಲಿ. ಬೆಳಿಗ್ಗೆ ಡೇರಿ ಹತ್ತಿರ ಹಾಲಿನ ವ್ಯಾನ್ ಬರುತ್ತದಲ್ಲ, ಅದು ಹೊರಟ ಮೇಲೆ ಎಷ್ಟು ಗಟ್ಟಿ ಹಾಲು ತಂದರೂ ಏನು ಪ್ರಯೋಜನ? ಮಾತೂ ಹಾಗೆ. ಸಿನಿಮಾ ನೋಡುವಾಗ ಮುಂಚೆಯೇ ತುಂಬಿಸಿಟ್ಟುಕೊಂಡರೆ ನಡೆಯುತ್ತದೆ. ಮಾತಿಗೆ ಅಷ್ಟು ಕಾಯುವ ಹಾಗಿಲ್ಲ. ಈ ಕಡೆಯ ಮಾತು ಆ ಕಡೆ ತಲುಪಲು ಸೆಕೆಂಡಿನ ಸಾವಿರದಲ್ಲಿ 150 ಭಾಗ ದಾಟದಿದ್ದರೆ ಒಳ್ಳೆಯದು ಅಂತ ಐಟಿಯು ಹೇಳುತ್ತದೆ. ದಾಟಿದರೆ ಇಬ್ಬರೂ ಒಟ್ಟಿಗೆ ಬಾಯಿ ತೆಗೆಯುತ್ತಾರೆ, ಇಬ್ಬರೂ ಒಟ್ಟಿಗೆ ‘ನೀವು ಹೇಳಿ’ ಅನ್ನುತ್ತಾರೆ.

ಸ್ಯಾಟಲೈಟ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತಿತ್ತು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯಿಂದ ಪಂಚಾಯ್ತಿ ಸದಸ್ಯರಿಗೆ ಸ್ಯಾಟಲೈಟ್ ಮೂಲಕ ತರಬೇತಿ ಕೊಡುತ್ತಿದ್ದರು. ಚಿತ್ರ ಆ ಕಡೆಯಿಂದ ಮಾತ್ರ, ಮಾತು ಎರಡೂ ಕಡೆಯಿಂದ. ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ಹತ್ತಿ ಇಳಿಯಲು ಕಾಲು ಸೆಕೆಂಡ್, ಉತ್ತರ ಬರಲು ಇನ್ನೊಂದು ಕಾಲು. ಬೆಳಕಿನ ವೇಗಕ್ಕೆ ಯಾವ ಮೇಲಧಿಕಾರಿಯೂ ನೋಟಿಸ್ ಕೊಡಲಾರ. ನಿಮ್ಮ ಫೈಬರ್‌ನಲ್ಲಿ ಆ ತೊಂದರೆಯಿಲ್ಲ. ನಿಮ್ಮ ತೊಂದರೆ ಬಹುತೇಕ ಕಟ್ಟಡದ ಒಳಗೇ ಇದೆ, ವೈಫೈನಲ್ಲಿ.

ಚಿತ್ರ ಹೋಗುವುದು ಚೂರು ಚೂರಾಗಿ. ವೈಫೈನಲ್ಲಿ ಆ ಚೂರುಗಳು ಆಗಾಗ ಕಳೆದುಹೋಗುತ್ತವೆ. ಗೂಡಿನ ರೇಟು ನೆನಪಿಸಿಕೊಳ್ಳಿ. ನಿನ್ನೆಯ ಫೋನ್ ನಿಮಗೆ ಬಂದೇ ಇಲ್ಲ, ಇವತ್ತು ‘ನಿನ್ನೆಗಿಂತ ಹತ್ತು ಜಾಸ್ತಿ’ ಅಂದರೆ ಎಷ್ಟು ಅಂತ ಗೊತ್ತಾಗುತ್ತದೆಯೇ? ವಿಡಿಯೋಗೂ ಅದೇ ಗತಿ. ಒಂದು ಚೂರು ಹೋದರೆ ಮುಂದಿನ ವ್ಯತ್ಯಾಸಗಳಿಗೆ ಆಧಾರವಿಲ್ಲ. ‘ಪೂರ್ತಿ ಚಿತ್ರ ಮತ್ತೆ ಕಳಿಸಿ’ ಅಂತ ಕೇಳಿ, ಅದು ಬರುವ ತನಕ ಪರದೆಯ ಮೇಲಿನವರು ಬಾಯಿ ತೆಗೆದುಕೊಂಡು ನಿಂತಿರುತ್ತಾರೆ. ಆದ್ದರಿಂದ ಸೆಮಿನಾರ್ ಹಾಲ್‌ನ ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಎಳೆಸಿ. ಒಂದು ಸಲದ ಖರ್ಚು, ಅರ್ಧ ಕಾಯಿಲೆ ಅಲ್ಲೇ ವಾಸಿ. ಮೀಟಿಂಗ್ ಹೊತ್ತಿನಲ್ಲಿ ಆಫೀಸಿನವರು ದೊಡ್ಡ ಫೈಲ್ ಅಪ್‌ಲೋಡ್ ಮಾಡುತ್ತಾರಾ ನೋಡಿ, ಅದೂ ಸಾಲು ನಿಲ್ಲಿಸುತ್ತದೆ. ಫೈರ್‌ವಾಲ್ ಇದ್ದರೆ ಯುಡಿಪಿ, ಅಂದರೆ ಕಳೆದ ಚೂರಿಗೆ ಕಾಯದೆ ಮುಂದೆ ಹೋಗುವ ದಾರಿ, ತಡೆದಿದ್ದಾರಾ ಅಂತ ಕೇಳಿ. ತಡೆದಿದ್ದರೆ ಆ್ಯಪ್‌ಗಳು ಸುತ್ತು ದಾರಿ ಹಿಡಿಯುತ್ತವೆ. ಅಲ್ಲಿ ಕಳೆದ ಚೂರಿಗಾಗಿ ಅದರ ಹಿಂದೆ ಬರುವವೆಲ್ಲ ಕಾಯಬೇಕು, ಅಷ್ಟರಲ್ಲಿ ವ್ಯಾನ್ ಹೊರಟಿರುತ್ತದೆ.

ಕೊನೆಗೆ ನಿಮ್ಮ ಯಂತ್ರ. ಅದನ್ನು ಜೂಮ್‌ಗೆ ಸೇರಿಸುವ ದಾರಿ ಇದೆ. ಎಚ್.323 ಮತ್ತು ಸಿಪ್ ಯಂತ್ರಗಳಿಗೆ ಅವರೇ ದುಡ್ಡಿಗೆ ಒಂದು ಸೇತುವೆ ಕೊಡುತ್ತಾರೆ. ಮೀಟ್‌ಗೆ, ಟೀಮ್ಸ್‌ಗೆ ಬೇರೆ ಕಂಪನಿಗಳ ಸೇತುವೆ ಇದೆ. ನಡುವೆ ನಿಂತ ದುಭಾಷಿ ಇದ್ದ ಹಾಗೆ. ಒಂದು ಹಾಲ್‌ಗೋಸ್ಕರ ಆ ಖರ್ಚು ಬೇಡ ಅಂತ ನನ್ನ ಅಭಿಪ್ರಾಯ. ಇನ್ನೊಂದು ಮಾತು, ಯಾರಾದರೂ ‘ಇದಕ್ಕೆ ಪಬ್ಲಿಕ್ ಐಪಿ ಕೊಟ್ಟರೆ ಸರಿಹೋಗುತ್ತೆ’, ಅಂದರೆ ಬೀದಿಗೇ ಕಾಣುವ ಇಂಟರ್‌ನೆಟ್ ವಿಳಾಸ ಕೊಡೋಣ, ಅಂದರೆ ಒಪ್ಪಬೇಡಿ. ಅಂಥ ಯಂತ್ರಗಳನ್ನು ಹುಡುಕಿಕೊಂಡು ಕಳ್ಳ ಪ್ರೋಗ್ರಾಮ್‌ಗಳು ಇಂಟರ್‌ನೆಟ್ ತುಂಬ ಅಲೆಯುತ್ತವೆ. ಮಧ್ಯರಾತ್ರಿ ಖಾಲಿ ಹಾಲ್‌ನಲ್ಲಿ ಅದು ತಾನೇ ಗಂಟೆ ಹೊಡೆಯತೊಡಗಿದರೆ ವಾಚ್‌ಮನ್ ಕೆಲಸ ಬಿಟ್ಟು ಹೋಗುತ್ತಾನೆ. ತಮಾಷೆಯಲ್ಲ, ನಾನು ನೋಡಿದ್ದೇನೆ.

ಬದಲಿಗೆ ಕ್ಯಾಮೆರಾ ಉಳಿಸಿಕೊಳ್ಳಿ. ಆ ಕಾಲದ ಕ್ಯಾಮೆರಾಗಳ ಲೆನ್ಸ್ ಚೆನ್ನಾಗಿರುತ್ತದೆ. ಹಾಲ್‌ನ ಕೊನೆ ಬೆಂಚಿನ ಹುಡುಗನ ಮುಖದ ತನಕ ಜೂಮ್ ಮಾಡಬಹುದು, ಲ್ಯಾಪ್‌ಟಾಪ್ ಕ್ಯಾಮೆರಾದಿಂದ ಆಗದ ಕೆಲಸ. ಅದರ ಬೆನ್ನಿನಲ್ಲಿ ಮಾಮೂಲಿ ಎಚ್‌ಡಿಎಂಐ ಸಾಕೆಟ್ ಇದ್ದರೆ ಆ ಚಿತ್ರವನ್ನು ಕಂಪ್ಯೂಟರಿಗೆ ಕೊಡುವ ಒಂದು ಕ್ಯಾಪ್ಚರ್ ಕಾರ್ಡ್ ತಂದು ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚಿ, ಮೀಟ್ ಅದನ್ನು ಸಾದಾ ವೆಬ್‌ಕ್ಯಾಮ್ ಅಂದುಕೊಳ್ಳುತ್ತದೆ. ಅಗಲವಾದ, ಕಂಪನಿಯದೇ ವಿಚಿತ್ರ ಪ್ಲಗ್ ಇದ್ದರೆ ಕ್ಯಾಮೆರಾವನ್ನು ಯಂತ್ರದಿಂದ ಬಿಡಿಸಬೇಡಿ, ಯಂತ್ರದಿಂದ ಟಿವಿಗೆ ಹೋಗುವ ಎಚ್‌ಡಿಎಂಐ ತಂತಿಯನ್ನೇ ಕಾರ್ಡಿಗೆ ಕೊಟ್ಟು ನೋಡಿ. ಮೈಕನ್ನು ಮಾತ್ರ ಬೇರೆ ತೆಗೆದುಕೊಳ್ಳಿ. ಹಳೆಯದರ ತಂತಿ ಕಂಪ್ಯೂಟರಿಗೆ ಹೊಂದುವುದಿಲ್ಲ, ಮೈಕ್ ಮತ್ತು ಸ್ಪೀಕರ್ ಒಟ್ಟಿಗಿರುವ ಯುಎಸ್‌ಬಿ ಸ್ಪೀಕರ್‌ಫೋನ್ ಆದರೆ ಪ್ರತಿಧ್ವನಿಯನ್ನು ಅದೇ ನೋಡಿಕೊಳ್ಳುತ್ತದೆ.

ಯಂತ್ರದ ಹಿಂಬದಿಯ ಫೋಟೋ ಒಂದು ತೆಗೆದು ಕಳಿಸಿ ಮೇಷ್ಟ್ರೇ. ಯಾವ ಸಾಕೆಟ್ ಯಾವುದು ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.